ಕಾಲಿಂಗ್ ಬೆಲ್‌ಗೆ ಹೆದರುವ ಅಣ್ಣ, ಹೆದರದ ತಮ್ಮ

ಪ್ರಶ್ನೆ: ನನಗೆ 34 ವರ್ಷ. ಚಳ್ಳಕೆರೆ ಕಡೆಯ ಹಳ್ಳಿಯವನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಸಂಬಳಕ್ಕೆ ಕೊರತೆ ಇಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದ ಹೊತ್ತಿಗೆ ಸತತ ಮೂರು ವರ್ಷ ಬರ ಬಿತ್ತು. ಶೇಂಗಾ ಕೈಗೆ ಹತ್ತಲಿಲ್ಲ. ಎರಡು ಬೋರ್ ಕೊರೆಸಿದರೂ ನೀರು ಬೀಳಲಿಲ್ಲ. ಅಪ್ಪ ಸಿಕ್ಕವರ ಹತ್ತಿರ ಕೈಸಾಲ ಮಾಡಿದ್ದರು. ಸಾಲ ಕೇಳಲು ಬಂದವರಿಗೆ ಬಾಗಿಲಲ್ಲಿ ನಿಂತು ‘ಅಪ್ಪ ಮನೇಲಿಲ್ಲ’ ಅಂತ ಹೇಳುವ ಕೆಲಸ ನನ್ನದಾಗಿತ್ತು. ಅಪ್ಪ ಒಳಗೇ ಇರುತ್ತಿದ್ದರು. ನಾನು ಕಾಲೇಜಿಗೆ ಬರುವಷ್ಟರಲ್ಲಿ ಹೊಸ ಬೋರಿನಲ್ಲಿ ಎರಡೂವರೆ ಇಂಚು ನೀರು ಸಿಕ್ಕಿತು, ಸಾಲವೂ ತೀರಿತು. ಆದರೆ ಈಗಲೂ ಬೆಲ್ ಆದರೆ ನನ್ನ ಎದೆ ಝಲ್ಲೆನ್ನುತ್ತದೆ. ಅಡುಗೆಮನೆಗೆ ಹೋಗಿ ನಿಲ್ಲುತ್ತೇನೆ. ಊಟದ ಪಾರ್ಸೆಲ್ ಬಂದರೂ ಹೆಂಡತಿಯೇ ಬಾಗಿಲು ತೆಗೆಯಬೇಕು. ಹೊಸ ನಂಬರಿನ ಫೋನನ್ನೂ ನಾನು ಎತ್ತುವುದಿಲ್ಲ. ಸಾಲ ಅಂದರೆ ಭಯ, ದುಡ್ಡು ಖರ್ಚು ಮಾಡಲೂ ಕೈ ಬರುವುದಿಲ್ಲ. ‘ಯಾಕೆ ಹೀಗೆ?’ ಅಂತ ಅವಳು ಕೇಳಿದರೆ ಬಾಯಿಂದ ಮಾತೇ ಹೊರಡುವುದಿಲ್ಲ. ತಮ್ಮ ನನಗಿಂತ ಏಳು ವರ್ಷ ಚಿಕ್ಕವನು. ಅದೇ ಅಪ್ಪ ಅಮ್ಮ, ಅದೇ ಮನೆ. ಅವನೋ ದಾರಿಯಲ್ಲಿ ಹೋಗುವವರನ್ನೂ ಕರೆದು ಟೀ ಕುಡಿಸುತ್ತಾನೆ, ಸಾಲ ಮಾಡಿ ಬೈಕ್ ತಂದು ಹಾಯಾಗಿದ್ದಾನೆ. ಇದು ಬೆಳೆದ ರೀತಿಯೋ, ಹುಟ್ಟುಗುಣವೋ? ಅಪ್ಪನ ಮೇಲೆ ಒಮ್ಮೊಮ್ಮೆ ವಿಪರೀತ ಸಿಟ್ಟು ಬರುತ್ತದೆ. ಈಚೆಗೆ ನನ್ನ ಐದು ವರ್ಷದ ಮಗಳೂ ಬೆಲ್ ಆದರೆ ಬಂದು ನನ್ನ ಹಿಂದೆ ನಿಲ್ಲುತ್ತಾಳೆ. ಅದಕ್ಕೇ ಬರೆದೆ.

ಉತ್ತರ: ನಿಮ್ಮ ಪತ್ರ ಓದುವಾಗ ‘ಕೆಲಸ’ ಎಂಬ ಮಾತಿನ ಹತ್ತಿರ ನಿಂತುಬಿಟ್ಟೆ. ‘ಹೇಳುವ ಕೆಲಸ ನನ್ನದಾಗಿತ್ತು’ ಅಂತ ಬರೆದಿದ್ದೀರಿ. ಸರಿಯಾದ ಮಾತು. ಹನ್ನೊಂದು ವರ್ಷದ ಹುಡುಗನಿಗೆ ಮನೆಯವರು ಒಂದು ಕೆಲಸ ಒಪ್ಪಿಸಿದ್ದರು, ಅವನು ಅದನ್ನು ನಿಭಾಯಿಸಿದ. ಸಾಲ ತೀರಿದ ದಿನ ಅಪ್ಪ ನಿಟ್ಟುಸಿರು ಬಿಟ್ಟಿರಬಹುದು. ಆದರೆ ‘ಇನ್ನು ಸಾಕು ಮಗಾ, ನೀನು ಬಾಗಿಲು ಕಾಯೋದು ಬೇಡ’ ಅಂತ ಹುಡುಗನಿಗೆ ಯಾರೂ ಹೇಳಿದಂತಿಲ್ಲ. ಹಾಗಾಗಿ ಅವನು ಇನ್ನೂ ಡ್ಯೂಟಿಯಲ್ಲೇ ಇದ್ದಾನೆ.

ಹೀಗೆ ಬಾಗಿಲಲ್ಲಿ ನಿಂತು ಬೆಳೆದ ಇನ್ನೂ ಕೆಲವರು ನನ್ನ ಬಳಿ ಬಂದಿದ್ದಾರೆ. ಅವರು ಹೇಳುವುದನ್ನು ಕೇಳಬೇಕು. ಗಾಡಿಯ ಸದ್ದಿನಲ್ಲೇ ಬಂದವರು ಯಾರು ಅಂತ ಗೊತ್ತಾಗಬೇಕಂತೆ. ಮುಖ ನೋಡಿ ಮಾತಾಡಬೇಕು, ಆದರೆ ಜಾಸ್ತಿ ಹೊತ್ತು ನೋಡಬಾರದು. ದನಿ ನಡುಗಬಾರದು. ಒಬ್ಬರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: ‘ಸಾರ್, ಬಂದವರ ಭಯ ಇರಲಿಲ್ಲ. ಒಳಗೆ ಅಪ್ಪ ಎಲ್ಲಿ ಕೆಮ್ಮಿಬಿಡ್ತಾರೋ ಅನ್ನೋದೇ ಭಯ.’ ಇದೆಲ್ಲ ಸಣ್ಣ ಕಸುಬಲ್ಲ. ವರ್ಷಗಟ್ಟಲೆ ದಿನಾ ಮಾಡಿದರೆ ಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಯೋಚನೆಯೇ ಬೇಕಾಗಿಲ್ಲ. ಸದ್ದು ಕಿವಿಗೆ ಬಿದ್ದರೆ ಸಾಕು, ಕಾಲು ತಾನೇ ಅಡುಗೆಮನೆ ಕಡೆಗೆ ಹೋಗುತ್ತದೆ.

ತೆನಾಲಿ ರಾಮನ ಬೆಕ್ಕಿನ ಕಥೆ ನಿಮಗೆ ಗೊತ್ತೇ ಇರುತ್ತದೆ. ಎಲ್ಲರಿಗೂ ಒಂದೊಂದು ಬೆಕ್ಕು, ಅದಕ್ಕೆ ಹಾಲು ಕೊಡಲು ಒಂದೊಂದು ಹಸು. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲು ಇಟ್ಟ. ಬೆಕ್ಕಿನ ಬಾಯಿ ಸುಟ್ಟಿತು. ಆಮೇಲೆ ಹಾಲು ಕಂಡರೆ ಓಟ. ನಾವೆಲ್ಲ ಬೆಕ್ಕನ್ನು ನೋಡಿ ನಗುತ್ತೇವೆ. ನನಗೇನೋ ಆ ಬೆಕ್ಕು ದಡ್ಡ ಅನ್ನಿಸುವುದಿಲ್ಲ. ಅದಕ್ಕೆ ಸಿಕ್ಕ ಅನುಭವ ಒಂದೇ, ಅದರಿಂದ ಅದು ತೆಗೆದ ಲೆಕ್ಕ ಸರಿಯಾಗಿಯೇ ಇತ್ತು. ನೋಡಬೇಕಾದ್ದು ಅದರ ಮುಂದಿನ ಭಾಗ. ಮಾರನೇ ದಿನ ಹಾಲು ಆರಿತ್ತು. ಆದರೆ ಅದು ಬೆಕ್ಕಿಗೆ ತಿಳಿಯುವುದು ಹೇಗೆ? ಹತ್ತಿರ ಹೋಗಿ ಮೂತಿ ಇಟ್ಟರೆ ತಾನೇ? ಓಡಿಹೋದ ಪ್ರತಿ ಸಲವೂ ಅದಕ್ಕೆ ‘ಓಡಿದ್ದಕ್ಕೇ ಬಚಾವಾದೆ’ ಅನ್ನಿಸಿರುತ್ತದೆ.

ನಿಮ್ಮ ಅಡುಗೆಮನೆಯಲ್ಲಿ ಆಗುತ್ತಿರುವುದೂ ಇದೇ. ಬೆಲ್ ಆಯಿತು, ಒಳಗೆ ಹೋದಿರಿ, ಏನೂ ಆಗಲಿಲ್ಲ. ಬಂದವನು ಪಾರ್ಸೆಲ್ ಹುಡುಗ, ಹಾಗಾಗಿ ಏನೂ ಆಗಲಿಲ್ಲ. ಆದರೆ ನಿಮ್ಮ ಮೈ ಬರೆದುಕೊಳ್ಳುವುದು ಬೇರೆ: ‘ಒಳಗೆ ಹೋಗಿದ್ದಕ್ಕೆ ಏನೂ ಆಗಲಿಲ್ಲ.’ ಹೆದರಿಕೆ 23 ವರ್ಷ ಬದುಕಿ ಉಳಿದಿದ್ದು ಹೀಗೆ. ಆ ಮೂರು ವರ್ಷದ ಬರ ಅದನ್ನು ಹುಟ್ಟಿಸಿತು ನಿಜ. ಇಷ್ಟು ದಿನ ಸಾಕಿದ್ದು ಮಾತ್ರ ಈ ದಿನದಿನದ ಸಣ್ಣ ತಪ್ಪಿಸಿಕೊಳ್ಳುವಿಕೆ. ಇದು ನಿಮ್ಮನ್ನು ಬೈಯಲು ಹೇಳುತ್ತಿರುವುದಲ್ಲ. ಬರವನ್ನು ಈಗ ಏನೂ ಮಾಡಲಾಗುವುದಿಲ್ಲ, ಅಡುಗೆಮನೆಗೆ ಹೋಗುವುದನ್ನು ಮಾಡಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಸಾಲದ ವಿಷಯಕ್ಕೂ ಇದೇ ಮಾತು. ನೀವು ಕೈ ಬಿಗಿ, ತಮ್ಮ ಧಾರಾಳಿ. ಅಮೆರಿಕದ ಸೆಲೆಸ್ಟ್ ಕಿಡ್ ಎಂಬ ಮನಶ್ಶಾಸ್ತ್ರಜ್ಞೆ ಸಂಗಡಿಗರ ಜೊತೆ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 2013ರಲ್ಲಿ ಪ್ರಕಟವಾಯಿತು. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ‘ನಾನು ವಾಪಸ್ ಬರೋವರೆಗೂ ತಿನ್ನದಿದ್ದರೆ ಎರಡು ಕೊಡ್ತೀನಿ’ ಅನ್ನುವ ಹಳೇ ಪರೀಕ್ಷೆ ಇದೆ. ಕಾದ ಮಕ್ಕಳಿಗೆ ಸಂಯಮ ಹೆಚ್ಚು, ಮುಂದೆ ಉದ್ಧಾರ ಆಗುತ್ತಾರೆ ಅಂತ ಬಹಳ ವರ್ಷ ಹೇಳುತ್ತಿದ್ದರು. ಕಿಡ್ ಹಿಂದೊಮ್ಮೆ ಮನೆಯಿಲ್ಲದ ಕುಟುಂಬಗಳ ಆಸರೆಮನೆಯಲ್ಲಿ ಕೆಲಸ ಮಾಡಿದ್ದರು. ಕೈಗೆ ಬಂದದ್ದನ್ನು ಯಾರು ಯಾವಾಗ ಕಿತ್ತುಕೊಳ್ಳುತ್ತಾರೋ ಗೊತ್ತಿಲ್ಲದ ಇಲ್ಲಿನ ಮಕ್ಕಳು ಯಾಕೆ ಕಾಯಬೇಕು ಅನ್ನುವುದು ಅವರ ಪ್ರಶ್ನೆ. 28 ಮಕ್ಕಳನ್ನು ತಗೊಂಡರು. ಎಲ್ಲರಿಗೂ ಮೊದಲು ಸವೆದ ಬಣ್ಣದ ಕಡ್ಡಿ ಕೊಟ್ಟು, ‘ತಾಳು, ಚೆನ್ನಾಗಿರೋದು ತರ್ತೀನಿ’ ಅಂದರು. ಅರ್ಧ ಮಕ್ಕಳಿಗೆ ಹೇಳಿದ ಹಾಗೆ ತಂದುಕೊಟ್ಟರು. ಉಳಿದವರಿಗೆ, ‘ಅಯ್ಯೋ, ನಮ್ಮ ಹತ್ರ ಇಲ್ಲವಂತೆ’ ಅಂತ ಬರಿಗೈಯಲ್ಲಿ ಬಂದರು. ಸ್ಟಿಕ್ಕರ್ ವಿಷಯದಲ್ಲೂ ಅದೇ ಆಟ. ಆಮೇಲೆ ಮಿಠಾಯಿ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದವರು ಕಾದಿದ್ದು 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನ 14ರಲ್ಲಿ 9, ಎರಡನೇ ಗುಂಪಿನ 14ರಲ್ಲಿ ಒಬ್ಬನೇ ಒಬ್ಬ.

ಸಣ್ಣ ಪ್ರಯೋಗ, ಒಪ್ಪುತ್ತೇನೆ. ಆದರೆ ನೋಡಿ, ಎರಡು ಸಣ್ಣ ಮಾತು ತಪ್ಪಿದ್ದಕ್ಕೇ ಮಕ್ಕಳ ನಡವಳಿಕೆ ಇಷ್ಟು ಬದಲಾಯಿತು. ನಿಮ್ಮ ಮನೆಯಲ್ಲಿ ಮೂರು ವರ್ಷ ಮಳೆಯೇ ಮಾತು ತಪ್ಪಿತ್ತು. ಬೋರ್ ಮಾತು ತಪ್ಪಿತ್ತು. ಅಪ್ಪ ಸಾಲ ಕೊಟ್ಟವರಿಗೆ ಮಾತು ತಪ್ಪಿದ್ದರು, ನೀವು ಅಪ್ಪನ ಪರವಾಗಿ. ಕೈಯಲ್ಲಿರುವುದನ್ನು ಗಟ್ಟಿಯಾಗಿ ಹಿಡಿದುಕೋ ಅಂತ ಹುಡುಗ ಕಲಿತರೆ ಅದನ್ನು ಜಿಪುಣತನ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನನ್ನ ತಾಯಿ ಈಗಲೂ ಹಾಲಿನ ಕವರ್ ತೊಳೆದು ತಂತಿಯ ಮೇಲೆ ಒಣಗಿಸುತ್ತಾರೆ. ಒಂದು ಡ್ರಾಯರ್ ತುಂಬಾ ಅದೇ. ಯಾತಕ್ಕೆ ಅಂದರೆ ‘ಇರಲಿ’ ಅನ್ನುತ್ತಾರೆ. ಆ ‘ಇರಲಿ’ ಹಿಂದೆ ಏನೇನಿದೆ ಅಂತ ಕೇಳಲು ನನಗೆ ನಲವತ್ತು ವರ್ಷ ಬೇಕಾಯಿತು. ಮನೋವಿಜ್ಞಾನ ಓದಿದವನ ಕಥೆಯೇ ಹೀಗೆ!

ಈಗ ತಮ್ಮನ ವಿಷಯ.

‘ಅದೇ ಮನೆ’ ಅಂತ ಬರೆದಿದ್ದೀರಿ. ಅಲ್ಲ. ಲೆಕ್ಕ ಹಾಕಿ ನೋಡಿ. ಬರದ ವರ್ಷಗಳಲ್ಲಿ ನೀವು ಹನ್ನೊಂದು, ಅವನು ನಾಲ್ಕು. ಅವನು ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಬೋರಿನಲ್ಲಿ ನೀರಿತ್ತು, ಸಾಲ ಇರಲಿಲ್ಲ, ಅಪ್ಪ ಜಗಲಿ ಮೇಲೆ ಕೂತು ಬಂದವರಿಗೆ ‘ಬನ್ನಿ’ ಅನ್ನುತ್ತಿದ್ದರು. ಗೋಡೆ ಅದೇ, ಹೆಂಚು ಅದೇ. ಮನೆ ಬೇರೆ.

ಅಪ್ಪ ಕೂಡ ಬೇರೆಯೇ. ಇದನ್ನು ಸುಮ್ನೆ ಮಾತಿಗೆ ಹೇಳುತ್ತಿಲ್ಲ. ತಮಿಳುನಾಡಿನ ವಿಲ್ಲುಪುರಂ, ತಿರುವಣ್ಣಾಮಲೈ ಕಡೆಯ 464 ಕಬ್ಬು ಬೆಳೆಗಾರರ ಮೇಲೆ ಆನಂದಿ ಮಣಿ ಮತ್ತು ಸಂಗಡಿಗರು ಒಂದು ಅಧ್ಯಯನ ಮಾಡಿದ್ದರು, ಅದೂ 2013ರಲ್ಲೇ ಪ್ರಕಟವಾಯಿತು. ಕಬ್ಬಿನ ದುಡ್ಡು ಬರುವುದು ವರ್ಷಕ್ಕೊಮ್ಮೆ. ಕಟಾವಿಗೆ ಮುಂಚೆ ಕೈ ಖಾಲಿ, ಆಮೇಲೆ ಕೈ ತುಂಬ. ಅದೇ ರೈತನಿಗೆ ಎರಡೂ ಕಾಲದಲ್ಲಿ ಬುದ್ಧಿಗೆ ಕೆಲಸ ಕೊಡುವ ಪ್ರಶ್ನೆಗಳನ್ನು ಕೊಟ್ಟರು. ಕಟಾವಿಗೆ ಮುಂಚೆ ಅವನು ಕಡಿಮೆ ಉತ್ತರ ಸರಿ ಮಾಡಿದ, ತಪ್ಪು ಹೆಚ್ಚು ಮಾಡಿದ. ಮನುಷ್ಯ ಒಬ್ಬನೇ. ತಲೆಯ ಅರ್ಧ ಜಾಗ ಸಾಲ ತಿಂದಿರುತ್ತದೆ, ಅಷ್ಟೆ. ಮಗನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅವನಿಗೆ ಏನಾಗಬಹುದು ಅಂತ ಯೋಚಿಸಲು ಬೇಕಾದ ಜಾಗ ಉಳಿದ ಅರ್ಧದಲ್ಲಿ ಇರುವುದಿಲ್ಲ. ನಿಮ್ಮನ್ನು ಬೆಳೆಸಿದ್ದು ಕಟಾವಿಗೆ ಮುಂಚಿನ ಅಪ್ಪ. ತಮ್ಮನನ್ನು ಬೆಳೆಸಿದ್ದು ಆಮೇಲಿನ ಅಪ್ಪ. ನಿಮ್ಮ ಸಿಟ್ಟು ಸುಳ್ಳು ಅಂತ ನಾನು ಹೇಳುವುದಿಲ್ಲ. ದೊಡ್ಡವರು ಹೊರಬೇಕಾದ ಭಾರವನ್ನು ಮಗುವಿನ ಮೇಲೆ ಹೇರಿದ್ದು ಅನ್ಯಾಯವೇ. ಅಪ್ಪನಿಗೆ ಆಗ ಬೇರೆ ದಾರಿ ಕಂಡಿರಲಿಲ್ಲ ಅನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ಒಂದನ್ನು ಆರಿಸಿಕೊಳ್ಳಬೇಕಾಗಿಲ್ಲ.

ಹಾಗಾದರೆ ಹುಟ್ಟುಗುಣಕ್ಕೆ ಪಾಲೇ ಇಲ್ಲವೇ? ಖಂಡಿತ ಇದೆ. ಅವಳಿ ಮಕ್ಕಳನ್ನು ಹೋಲಿಸಿ ಜಗತ್ತಿನಾದ್ಯಂತ ಐವತ್ತು ವರ್ಷ ನಡೆದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟುಗೂಡಿಸಿ ನೋಡಿದ್ದಾರೆ. 1.4 ಕೋಟಿಗಿಂತ ಹೆಚ್ಚು ಅವಳಿ ಜೋಡಿಗಳ ಲೆಕ್ಕ ಅದು. ಜನರ ನಡುವಿನ ವ್ಯತ್ಯಾಸದಲ್ಲಿ ಸರಾಸರಿ ಶೇ 49ರಷ್ಟು ವಂಶವಾಹಿಗಳಿಂದ ಬರುತ್ತದೆ ಅಂತ ಸಿಕ್ಕಿತು. ‘ನನ್ನ ಹೆದರಿಕೆಯಲ್ಲಿ ಅರ್ಧ ರಕ್ತದ್ದು, ಅರ್ಧ ಬರಗಾಲದ್ದು’ ಅಂತ ಇದನ್ನು ಓದಬೇಡಿ. ಇದು ಗುಂಪಿನ ಲೆಕ್ಕ. ಒಬ್ಬ ಮನುಷ್ಯನನ್ನು ಹೀಗೆ ಸೀಳಿ ತೂಕ ಹಾಕಲು ಬರುವುದಿಲ್ಲ. ನೀವು ಹುಟ್ಟಿನಿಂದಲೇ ಸ್ವಲ್ಪ ಎಚ್ಚರದ, ಸದ್ದಿಗೆ ಬೇಗ ಬೆಚ್ಚುವ ಮಗುವಾಗಿದ್ದಿರಬಹುದು. ಎಚ್ಚರದ ಹುಡುಗನನ್ನೇ ಬಾಗಿಲಿಗೆ ನಿಲ್ಲಿಸುತ್ತಾರೆ, ಅಲ್ವಾ? ಗೋಲಿ ಆಡಲು ಓಡಿಹೋಗುವವನನ್ನಲ್ಲ. ಹುಟ್ಟುಗುಣ ನೋಡಿ ಕೆಲಸ ಕೊಡುತ್ತಾರೆ, ಕೆಲಸ ಆ ಗುಣವನ್ನೇ ಇನ್ನಷ್ಟು ಗಟ್ಟಿ ಮಾಡುತ್ತದೆ. ಎರಡನ್ನೂ ಬಿಡಿಸಿ ನೋಡುವುದು ಕಲಸಿದ ಮುದ್ದೆಯಿಂದ ನೀರು ಬೇರೆ ಮಾಡಿದ ಹಾಗೆ.

ನಿಮ್ಮ ಪ್ರಶ್ನೆಯನ್ನೇ ರಾಬರ್ಟ್ ಪ್ಲೋಮಿನ್ ಮತ್ತು ಡೆನಿಸ್ ಡೇನಿಯಲ್ಸ್ ಎಂಬ ಇಬ್ಬರು 1987ರಲ್ಲಿ ಕೇಳಿದ್ದರು: ಒಂದೇ ಮನೆಯ ಮಕ್ಕಳು ಯಾಕೆ ಇಷ್ಟು ಬೇರೆ ಬೇರೆ? ಒಂದೇ ಸೂರಿನಡಿ ಬೆಳೆದರೆ ಮಕ್ಕಳು ಒಂದೇ ಥರ ಆಗುತ್ತಾರೆ ಅಂತ ನಾವು ಅಂದುಕೊಂಡಷ್ಟು ಆಗುವುದಿಲ್ಲ ಅನ್ನುವುದು ಅವರು ಕಂಡುಕೊಂಡದ್ದು. ಲೆಕ್ಕಕ್ಕೆ ಬರುವುದು ಪ್ರತಿ ಮಗುವಿಗೆ ಪ್ರತ್ಯೇಕವಾಗಿ ಸಿಕ್ಕಿದ್ದು. ನಿಮಗೆ ಸಿಕ್ಕಿದ್ದು ಬಾಗಿಲು.

ಮಗಳ ಬಗ್ಗೆ ಹೇಳುವುದಕ್ಕೆ ಒಂದು ಮಂಗನ ಕಥೆ ಬೇಕು. ಸೂಸನ್ ಮಿನೆಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಕೆಲಸ. ಕಾಡಿನ ಮಂಗಗಳಿಗೆ ಹಾವು ಕಂಡರೆ ಪ್ರಾಣ ಹೋದಷ್ಟು ಭಯ. ಲ್ಯಾಬಿನಲ್ಲೇ ಹುಟ್ಟಿ ಬೆಳೆದ ಮರಿಗಳಿಗೆ ಇಲ್ಲ. ಹಾವಿನ ಆಚೆಗೆ ತಿಂಡಿ ಇಟ್ಟರೆ ಕೈ ಚಾಚಿ ತಗೊಳ್ಳುತ್ತವೆ. ಆದರೆ ಹಾವು ಕಂಡು ಹೆದರುವ ಮಂಗವನ್ನು ಕೆಲವೇ ನಿಮಿಷ ನೋಡಿದರೆ ಸಾಕು, ಇವಕ್ಕೂ ಹೆದರಿಕೆ ಹತ್ತಿಕೊಳ್ಳುತ್ತದೆ. ಹಾವು ಕಚ್ಚಬೇಕಾಗಿಲ್ಲ. ದೊಡ್ಡದರ ಮುಖ ನೋಡಿದರೆ ಸಾಕು. ನಿಮ್ಮ ಮಗಳು ಚಳ್ಳಕೆರೆಯ ಬರ ಕಂಡವಳಲ್ಲ, ಸಾಲ ವಸೂಲಿಗೆ ಬಂದ ಯಾರನ್ನೂ ಕಂಡಿಲ್ಲ. ಅವಳು ನೋಡುತ್ತಿರುವುದು ನಿಮ್ಮ ಮುಖ. ‘ಇಷ್ಟು ದೊಡ್ಡ ಅಪ್ಪನೇ ಒಳಗೆ ಹೋಗ್ತಾರೆ ಅಂದರೆ ಆಚೆ ಏನೋ ಇದೆ’ ಅಂತ ಅವಳ ಲೆಕ್ಕ. ಜಾಣೆ ಮಗು.

ಮಿನೆಕಾ ಇನ್ನೊಂದು ನೋಡಿದರು, ನಿಮಗೆ ಬೇಕಾಗಿರುವುದು ಅದೇ. ಹಾವಿನ ಹತ್ತಿರ ಆರಾಮಾಗಿರುವ ಮಂಗವನ್ನು ಮೊದಲೇ ಹಲವು ಸಲ ನೋಡಿದ್ದ ಮರಿಗಳಲ್ಲಿ ಹೆಚ್ಚಿನವು, ಆಮೇಲೆ ಹೆದರುವ ಮಂಗವನ್ನು ಕಂಡರೂ ಹೆದರಲಿಲ್ಲ. ಮೊದಲು ಕಂಡದ್ದು ಲಸಿಕೆಯಂತೆ ಕಾಪಾಡಿತು. ನಿಮ್ಮ ಮನೆಯಲ್ಲಿ ಬಾಗಿಲು ತೆಗೆದು ನಗುತ್ತಾ ಮಾತಾಡುವ ಒಬ್ಬರು ದಿನವೂ ಅವಳ ಕಣ್ಣ ಮುಂದೆ ಇದ್ದಾರಲ್ಲ, ನಿಮ್ಮ ಹೆಂಡತಿ. ಬೆಲ್ ಆದಾಗ ಮಗಳನ್ನು ಅವರ ಜೊತೆ ಕಳಿಸಿ. ‘ಹೆದರಬೇಡ’ ಅಂತ ಹೇಳಲು ಹೋಗಬೇಡಿ. ಹೆದರುವುದಕ್ಕೆ ಏನೋ ಇದೆ ಅನ್ನುವುದು ಆ ಮಾತಿನಿಂದಲೇ ಗೊತ್ತಾಗಿಬಿಡುತ್ತದೆ. ಪಾರ್ಸೆಲ್ ತಗೊಳ್ಳುವ ಕೆಲಸ ಅವಳಿಗೆ ಕೊಡಿ, ‘ಥ್ಯಾಂಕ್ಸ್ ಅಂಕಲ್’ ಅನ್ನಲಿ. ನಿಮ್ಮ ಮನೆಯಲ್ಲಿ ಬಾಗಿಲ ಕೆಲಸ ಈ ಸಲ ಮಗುವಿಗೆ ಹೀಗೆ ಸಿಗಲಿ.

ನಿಮಗೆ. ಹಾಲಿನವರೋ ಗ್ಯಾಸ್ ಸಿಲಿಂಡರಿನವರೋ, ಯಾವಾಗ ಬರುತ್ತಾರೆ ಅಂತ ಮೊದಲೇ ಗೊತ್ತಿರುವ ಒಬ್ಬರಿಂದ ಶುರು ಮಾಡಿ. ಬೆಲ್ ಆಗುವುದಕ್ಕೆ ಮುಂಚೆ ಒಂದು ಚೀಟಿಯಲ್ಲಿ ಬರೆಯಿರಿ: ಬಾಗಿಲು ತೆಗೆದರೆ ಏನಾಗುತ್ತದೆ ಅಂತ ನನಗೆ ಅನ್ನಿಸುತ್ತಿದೆ? ನಾಚಿಕೊಳ್ಳದೆ ಬರೆಯಿರಿ. ‘ಬೈತಾರೆ’, ‘ದನಿ ನಡುಗುತ್ತೆ’, ಏನೇ ಇರಲಿ. ಹೆಂಡತಿ ಪಕ್ಕದಲ್ಲಿ ನಿಂತಿರಲಿ, ಬಾಗಿಲು ತೆಗೆಯುವುದು ನೀವು. ಬಂದವರು ಹೋದ ಮೇಲೂ ಬಾಗಿಲ ಹತ್ತಿರವೇ ನಿಂತಿರಿ. ಎದೆ ಹೊಡೆದುಕೊಳ್ಳುವುದು ತಾನಾಗಿ ಇಳಿಯುವವರೆಗೆ ನಿಲ್ಲಿ. ಇದು ಮುಖ್ಯ. ಬಾಗಿಲು ಹಾಕಿ ಅಡುಗೆಮನೆಗೆ ಓಡಿದರೆ ಬೆಕ್ಕಿಗೆ ಮತ್ತೆ ಅದೇ ಪಾಠ. ಆಮೇಲೆ ಆಗಿದ್ದು ಏನು ಅಂತ ಅದೇ ಚೀಟಿಯಲ್ಲಿ ಬರೆಯಿರಿ. ಎರಡು ವಾರ ಹೀಗೆ ನಡೆದ ಮೇಲೆ ಹೆಂಡತಿ ನಡುಮನೆಯಲ್ಲಿ ಇರಲಿ, ಆಮೇಲೆ ಮನೆಯಲ್ಲೇ ಇಲ್ಲದಿರಲಿ. ಕಿಂಡಿಯಲ್ಲಿ ನೋಡಿ ತೆಗೆಯುವುದು ಎಲ್ಲರೂ ಮಾಡುವುದೇ, ಪರವಾಗಿಲ್ಲ. ಕ್ಯಾಮೆರಾ ಇರುವ ಬೆಲ್ ಹಾಕಿಸೋಣ ಅಂತ ಮನಸ್ಸು ಹೇಳಬಹುದು. ಈಗಲೇ ಬೇಡ, ಅದೊಂದು ಹೊಸ ಅಡುಗೆಮನೆ ಆಗುತ್ತದೆ. ಇನ್ನು ಹೊಸ ನಂಬರಿನ ಫೋನ್ ಎತ್ತದಿರುವುದು ಈ ಕಾಲದಲ್ಲಿ ಕಾಯಿಲೆಯೇನಲ್ಲ, ನಾನೂ ಎತ್ತುವುದಿಲ್ಲ.

ಒಂದು ಎಚ್ಚರಿಕೆ. ಹಳೇ ಪಾಠ ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲಿ ಹೊಸದೊಂದು ಬರೆದುಕೊಳ್ಳುತ್ತದೆ. ಯಾವ ಜಾಗದಲ್ಲಿದ್ದೀರಿ ಅನ್ನುವುದರ ಮೇಲೆ ಯಾವುದು ಮೇಲೆ ಬರುತ್ತದೆ ಅನ್ನುವುದು ನಿಂತಿದೆ. ಇಲ್ಲಿ ಎಲ್ಲ ಸರಿಹೋಯಿತು ಅಂತ ಯುಗಾದಿಗೆ ಊರಿಗೆ ಹೋಗುತ್ತೀರಿ, ಅದೇ ಬಾಗಿಲ ಹತ್ತಿರ ಯಾರೋ ‘ಗೌಡ್ರೇ’ ಅಂತ ಕೂಗುತ್ತಾರೆ, ನೀವು ಮತ್ತೆ ಹನ್ನೊಂದು ವರ್ಷದ ಹುಡುಗ. ಆಗ ‘ಮಾಡಿದ್ದೆಲ್ಲ ನೀರಲ್ಲಿ ಹೋಮ’ ಅಂತ ಅಂದುಕೊಳ್ಳಬೇಡಿ. ಊರಿನ ಬಾಗಿಲಿಗೂ ಬೇರೆಯಾಗಿ ಅಭ್ಯಾಸ ಬೇಕು, ಅಷ್ಟೆ. ಇದನ್ನು ಒಬ್ಬರೇ ಮಾಡಲು ಆಗದಿದ್ದರೆ, ನಿದ್ದೆ ಕೆಟ್ಟರೆ, ಕೈಕಾಲು ಬೆವರಿ ಉಸಿರು ಕಟ್ಟಿದಂತಾದರೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅಂತ ಯಾರಾದರೂ ಹೇಳಿದರೆ ಹವಾಯಿಯ ಕವಾಯಿ ದ್ವೀಪದ ಲೆಕ್ಕ ಹೇಳಿ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಮೂರಕ್ಕೆ ಒಬ್ಬರು ಚೆನ್ನಾಗಿಯೇ ಬಾಳಿದರು. ಅಂಥವರಿಗೆ ಚಿಕ್ಕಂದಿನಲ್ಲಿ ನೆಚ್ಚಿಕೊಳ್ಳಲು ಒಬ್ಬರಾದರೂ ಇದ್ದರು: ಅಜ್ಜಿ, ಮೇಷ್ಟ್ರು, ನೆರೆಮನೆಯವರು. ಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಬಹಳಷ್ಟು ಜನ ಮೂವತ್ತು, ನಲವತ್ತರ ಹೊತ್ತಿಗೆ ಸರಿಹೋಗಿದ್ದರು. ಒಳ್ಳೆಯ ಸಂಗಾತಿ ಸಿಕ್ಕಿದ್ದು ಅದಕ್ಕೆ ಒಂದು ಕಾರಣ.

ನಿಮಗೆ ಸಿಕ್ಕಿದ್ದಾರೆ. ಅವರ ‘ಯಾಕೆ ಹೀಗೆ?’ಗೆ ನಿಮಗೆ ಮಾತು ಹೊರಡದಿರುವುದರ ಬಗ್ಗೆ ನನ್ನದೊಂದು ಊಹೆ ಇದೆ. ಎದುರಿಗೆ ನಿಂತು ಉತ್ತರ ಕೇಳುವ ಮುಖ ಅಂದರೆ ನಿಮಗೆ ಯಾವುದು ಅಂತ ನೀವೇ ನೋಡಿ. ಆ ಮುಖಕ್ಕೆ ನಿಜ ಹೇಳಬಾರದು ಅಂತ ತಾನೇ ನಿಮಗೆ ಕಲಿಸಿದ್ದು? ಎದುರಿಗೆ ಆಗದಿದ್ದರೆ ಪಕ್ಕದಲ್ಲಿ ಕೂತು ಹೇಳಿ. ಬಸ್ಸಿನಲ್ಲಿ, ಕಾರಿನಲ್ಲಿ, ವಾಕಿಂಗ್ ಹೋಗುವಾಗ. ಅದೂ ಆಗದಿದ್ದರೆ ನನಗೆ ಬರೆದ ಈ ಪತ್ರವನ್ನೇ ಅವರ ಕೈಗೆ ಕೊಡಿ. ನನಗಿಂತ ಅವರಿಗೆ ಇದು ಮೊದಲು ತಲುಪಬೇಕಿತ್ತು.

ಇನ್ನೊಂದು ಮಾತು, ತಮ್ಮನ ಬಗ್ಗೆ. ಊರಿಗೆ ಹೋದಾಗ ಅವನನ್ನು ಕೂರಿಸಿಕೊಂಡು ಆ ಮೂರು ವರ್ಷದ್ದು ಅವನಿಗೆ ಏನು ನೆನಪಿದೆ ಅಂತ ಕೇಳಿ. ಏನೂ ಇಲ್ಲ ಅನ್ನಬಹುದು. ಇಲ್ಲವೇ, ‘ಯಾರೋ ಬರ್ತಿದ್ರು, ನೀನು ಹೋಗಿ ಮಾತಾಡ್ತಿದ್ದೆ’ ಅಂತ ಅಷ್ಟೇ ಹೇಳಬಹುದು. ನಾಲ್ಕು ವರ್ಷದವನಿಗೆ ಆ ಬಾಗಿಲಿನ ಆಚೆ ಕಾಣದ ಹಾಗೆ ಒಬ್ಬ ಅಣ್ಣ ಅಡ್ಡ ನಿಂತಿದ್ದ. ಅವನು ಇವತ್ತು ದಾರಿಹೋಕರನ್ನು ಕರೆದು ಟೀ ಕುಡಿಸುವುದರಲ್ಲಿ ಅದರ ಪಾಲೂ ಇದೆಯೇನೋ. ಕೇಳಿ ನೋಡಿ, ಅವನು ಏನಂದ ಅಂತ ನನಗೂ ಬರೆಯಿರಿ.